ದ್ವಿಜಗಣನೆ: ಅಮೆರಿಕದ ಮಾಂಸದ ಕೋಳಿಗಳ ಹ್ಯಾಚರಿ ಲೆಕ್ಕ

ಸಂಸ್ಕೃತದಲ್ಲಿ ಹಕ್ಕಿಗೆ ದ್ವಿಜವೆಂಬ ಹೆಸರುಂಟಷ್ಟೆ. ತಾಯಿಯ ಒಡಲಿನಿಂದ ಮೊಟ್ಟೆಯಾಗಿ ಬೀಳುವುದು ಒಂದು ಜನ್ಮ. ಮೊಟ್ಟೆಯನ್ನೊಡೆದು ಮರಿಯಾಗಿ ಹೊರಡುವುದು ಇನ್ನೊಂದು. ಎರಡು ಸಲ ಹುಟ್ಟುವುದರಿಂದ ಈ ಹೆಸರು ಬಂದಿತೆಂಬುದು ನಿರ್ವಚನ. ಶಬ್ದಶಾಸ್ತ್ರಕ್ಕೆ ಮಾತ್ರ ಉಪಯುಕ್ತವೆಂದು ತೋರುವ ಈ ವಿವೇಚನೆಯು ಒಂದು ಮಹೋದ್ಯಮದ ಲೆಕ್ಕದಲ್ಲಿ ಯಥಾವತ್ತಾಗಿ ಕಾಣಸಿಗುವುದು ಕುತೂಹಲಕರವಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೃಷಿ ಇಲಾಖೆಯು ಮಾಂಸದ ಕೋಳಿಗಳನ್ನು, ಎಂದರೆ ಬ್ರಾಯ್ಲರುಗಳನ್ನು, ಕುರಿತು ವಾರವಾರವೂ ಹ್ಯಾಚರಿ ವರದಿಯನ್ನು ಪ್ರಕಟಿಸುತ್ತ ಬಂದಿದೆ. ಅದರಲ್ಲಿ ಮುಖ್ಯವಾಗಿ ಎರಡು ಸಂಖ್ಯೆಗಳಿರುತ್ತವೆ: ಆ ವಾರ ಯಂತ್ರದ ಕಾವಿಗೆ ಇಟ್ಟ ಮೊಟ್ಟೆಗಳೆಷ್ಟು, ಸಾಕುವ ಮನೆಗಳಿಗೆ ಬಿಟ್ಟ ಮರಿಗಳೆಷ್ಟು. ಮೊದಲ ಜನ್ಮಕ್ಕೂ ಎರಡನೆಯ ಜನ್ಮಕ್ಕೂ ನಡುವೆ ಎಷ್ಟು ನಷ್ಟವಾಯಿತೆಂಬುದು ಇವುಗಳ ಹೋಲಿಕೆಯಿಂದ ತಿಳಿಯುತ್ತದೆ. ಆ ನಷ್ಟವು ಈಚಿನ ವರ್ಷಗಳಲ್ಲಿ ಏಕೆ ಹೆಚ್ಚುತ್ತಿದೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಕನ್ನಡದ ಕಾವು ಎಂಬ ಮಾತು ಬಿಸಿಯನ್ನೂ ಹೇಳುತ್ತದೆ, ಹೇಂಟೆಯು ಮೊಟ್ಟೆಯ ಮೇಲೆ ಕೂರುವ ಕ್ರಿಯೆಯನ್ನೂ ಹೇಳುತ್ತದೆ. ಬಿಸಿಯಾಗುವುದೆಂಬ ಅರ್ಥದ ಕಾಯ್ ಧಾತುವೂ ರಕ್ಷಿಸುವುದೆಂಬ ಅರ್ಥದ ಕಾಯ್ ಧಾತುವೂ ರೂಪದಲ್ಲಿ ಒಂದೇ ಆಗಿರುವುದು ಹೇಂಟೆಯ ವಿಷಯದಲ್ಲಿ ಬಹಳ ಸೊಗಸಾಗಿ ಹೊಂದುತ್ತದೆ. ಈ ಎರಡರಲ್ಲಿ ಮೊದಲನೆಯದನ್ನು ತಾಯಿಯಿಂದ ಬೇರ್ಪಡಿಸಬಹುದೆಂದು ಮನುಷ್ಯನು ಬಹು ಪೂರ್ವದಲ್ಲಿಯೇ ಕಂಡುಕೊಂಡನು. ಈಜಿಪ್ಟಿನಲ್ಲಿ ಮೊಟ್ಟೆಗಳನ್ನು ಗೊಬ್ಬರದ ರಾಶಿಯಲ್ಲಿ ಹೂತು ಮರಿಮಾಡುತ್ತಿದ್ದರೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದ್ದಾನೆ. ಅಲ್ಲಿಯ ಇಟ್ಟಿಗೆಯ ಗೂಡುಗಳಲ್ಲಿ ಕೆಲಸಗಾರರು ಉಷ್ಣಮಾಪಕವಿಲ್ಲದೆ, ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಕಾವಿನ ಹದವನ್ನು ತಿಳಿಯುತ್ತಿದ್ದರು. ಫ್ರಾನ್ಸಿನ ರೇಮೂರನು 1749ರಲ್ಲಿ ಈ ಕಲೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. 1879ರಲ್ಲಿ ಕ್ಯಾಲಿಫೋರ್ನಿಯದ ಪೆಟಲೂಮದಲ್ಲಿ ಲೈಮನ್ ಬೈಸ್ ಎಂಬಾತನು ನಿರ್ಮಿಸಿದ ಪೆಟ್ಟಿಗೆಯಿಂದ ಅಮೆರಿಕದಲ್ಲಿ ಈ ವಿದ್ಯೆ ವ್ಯಾಪಾರವಾಯಿತು.

ಯಂತ್ರದಲ್ಲಿ ನಡೆಯತಕ್ಕದ್ದು ಹೇಂಟೆಯ ಅನುಕರಣವೇ ಹೊರತು ಬೇರೆಯಲ್ಲ. ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಶಾಖ, ತಕ್ಕಷ್ಟು ತೇವ, ಗಂಟೆಗೊಮ್ಮೆ ಮೊಟ್ಟೆಗಳನ್ನು ಓರೆಯಾಗಿ ಹೊರಳಿಸುವುದು. ಹದಿನೆಂಟು ದಿನಗಳಾದ ಮೇಲೆ ಬೇರೊಂದು ಪೆಟ್ಟಿಗೆಗೆ ಸಾಗಿಸಿದರೆ ಇಪ್ಪತ್ತೊಂದನೆಯ ದಿನ ಮರಿಯೊಡೆಯುತ್ತದೆ. ಮರಿಯು ಹೊರಬರುವ ಮುನ್ನ ಭಂಡಾರದ ಉಳಿಕೆಯನ್ನು ಒಡಲೊಳಕ್ಕೆ ಸೆಳೆದುಕೊಳ್ಳುವುದರಿಂದ ಎರಡು ಮೂರು ದಿನ ಅನ್ನಪಾನಗಳಿಲ್ಲದೆಯೂ ಬದುಕಬಲ್ಲುದು. ಹ್ಯಾಚರಿಗಳ ಉದ್ಯಮವೆಲ್ಲ ನಿಂತಿರುವುದು ಪ್ರಕೃತಿಯು ಕೊಟ್ಟ ಈ ಬುತ್ತಿಯ ಮೇಲೆ. ಇದನ್ನು ನಂಬಿಯೇ 1892ರಲ್ಲಿ ನ್ಯೂ ಜರ್ಸಿಯಿಂದ ಚಿಕಾಗೋವಿಗೆ ಒಂದು ದಿನದ ಮರಿಗಳನ್ನು ರೈಲಿನಲ್ಲಿ ಕಳುಹಿಸಿದರು. 1918ರಿಂದ ಅಮೆರಿಕದ ಅಂಚೆಯವರೂ ಇವನ್ನು ಸ್ವೀಕರಿಸತೊಡಗಿದರು.

ಆ ಕಾಲಕ್ಕೆ ಹ್ಯಾಚರಿಯ ಉದ್ದೇಶ ಮಾಂಸವಾಗಿರಲಿಲ್ಲ, ಮೊಟ್ಟೆಯಾಗಿತ್ತು. ಮಾಂಸಕ್ಕೆಂದೇ ಕೋಳಿಯನ್ನು ಸಾಕುವ ಪದ್ಧತಿ ಬೆಳೆದದ್ದು ಒಂದು ಲೆಕ್ಕದ ತಪ್ಪಿನಿಂದ. 1923ರಲ್ಲಿ ಡೆಲವೇರ್ ಸಂಸ್ಥಾನದ ಓಷನ್ ವ್ಯೂ ಎಂಬ ಊರಿನ ಸಿಸಿಲ್ ಸ್ಟೀಲ್ ಎಂಬ ಗೃಹಿಣಿಯು ಮೊಟ್ಟೆಯಿಡುವ ತನ್ನ ಕೋಳಿಗಳ ಜತೆಗೆ ಐವತ್ತು ಮರಿಗಳನ್ನು ಸೇರಿಸಿಕೊಳ್ಳಲು ಹ್ಯಾಚರಿಗೆ ಬರೆದಳು, ಬಂದವು ಐನೂರು. ಆಕೆ ಅವನ್ನು ಹಿಂದಿರುಗಿಸದೆ ಸಾಕಿ, ಉಳಿದ 387 ಕೋಳಿಗಳನ್ನು ಪೌಂಡಿಗೆ 62 ಸೆಂಟಿನಂತೆ ಮಾರಿದಳು. ಮರುವರ್ಷ ತಾನಾಗಿಯೇ ಸಾವಿರ ತರಿಸಿದಳು. 1926ರ ವೇಳೆಗೆ ಹತ್ತು ಸಾವಿರ ಕೋಳಿಗಳು ಹಿಡಿಯುವ ಮನೆಯನ್ನೇ ಕಟ್ಟಿಸಿದಳು. ನೆರೆಯವರು ಆಕೆಯ ದಾರಿಯನ್ನೇ ಹಿಡಿದರು. ಒಂದು ಸೊನ್ನೆಯು ತನ್ನ ಸ್ಥಾನಬಲದಿಂದ ಇಷ್ಟೊಂದು ಮಾಡಿದ ನಿದರ್ಶನವು ಗಣಿತದ ಇತಿಹಾಸದಲ್ಲಿಯೂ ವಿರಳವೆನ್ನಬೇಕು.

ಅಂದಿನ ಕೋಳಿಗೂ ಇಂದಿನದಕ್ಕೂ ಇರುವ ಅಂತರ ಸಾಮಾನ್ಯವಾದುದಲ್ಲ. 1925ರಲ್ಲಿ ಎರಡೂವರೆ ಪೌಂಡು ತೂಗಲು ಕೋಳಿಗೆ 112 ದಿನಗಳು ಬೇಕಾಗುತ್ತಿದ್ದವು. ಈಗ 47 ದಿನಗಳಲ್ಲಿ ಆರೂವರೆ ಪೌಂಡು ತೂಗುತ್ತದೆ. ಅಂದು ಒಂದು ಪೌಂಡು ತೂಕ ಬರಲು ನಾಲ್ಕೂ ಮುಕ್ಕಾಲು ಪೌಂಡಿನಷ್ಟು ಮೇವು ವ್ಯಯವಾಗುತ್ತಿತ್ತು. ಇಂದು ಎರಡು ಪೌಂಡಿಗೂ ಕಡಿಮೆ ಸಾಕು. 1948ರಲ್ಲಿ ಡೆಲವೇರಿನಲ್ಲಿ ಮುಗಿದ ‘ನಾಳಿನ ಕೋಳಿ’ ಎಂಬ ಸ್ಪರ್ಧೆಯು ಎದೆಯ ಮಾಂಸ ತುಂಬಿದ, ಬೇಗ ಬೆಳೆಯುವ ತಳಿಗಳಿಗೆ ಬಹುಮಾನ ಕೊಟ್ಟು ಈ ಮಾರ್ಗವನ್ನು ನಿಶ್ಚಯಮಾಡಿತು. ಹ್ಯಾಚರಿಗಳ ಸ್ವರೂಪವೂ ಬದಲಾಯಿತು. 1934ರಲ್ಲಿ ಆ ದೇಶದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಸಣ್ಣ ಹ್ಯಾಚರಿಗಳಿದ್ದವು. ಇಂದು ಕೆಲವು ನೂರು ಮಾತ್ರ ಇದ್ದು, ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಗಳನ್ನು ಒಳಗೊಳ್ಳುತ್ತದೆ.

ಇನ್ನು ಪ್ರಕೃತವನ್ನು ಅನುಸರಿಸೋಣ. 2010ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ವಾರಕ್ಕೆ ಸುಮಾರು 20 ಕೋಟಿ ಮೊಟ್ಟೆಗಳನ್ನು ಕಾವಿಗೆ ಇಡುತ್ತಿದ್ದರು. ನೂರಕ್ಕೆ ಸುಮಾರು 84 ಮರಿಯೊಡೆಯುತ್ತಿದ್ದವು. 2024ರ ಹೊತ್ತಿಗೆ ಮೊಟ್ಟೆಗಳು 24 ಕೋಟಿಯನ್ನು ಮುಟ್ಟಿದವು. ಮರಿಯೊಡೆಯುವ ಪ್ರಮಾಣ ಮಾತ್ರ ನೂರಕ್ಕೆ 80ರ ಆಸುಪಾಸಿಗೆ ಇಳಿಯಿತು. ನಾಲ್ಕು ಅಂಶವೆಂದರೆ ಅಲ್ಪವೆಂದು ತೋರಬಹುದು. ಆದರೆ 24 ಕೋಟಿಯಲ್ಲಿ ನೂರಕ್ಕೆ ನಾಲ್ಕೆಂದರೆ ಪ್ರತಿವಾರವೂ ಹೆಚ್ಚುಕಡಿಮೆ ಒಂದು ಕೋಟಿ ಮರಿಗಳಾದವು. ಹಳೆಯ ಪ್ರಮಾಣದಲ್ಲಿ ಎರಡನೆಯ ಜನ್ಮವನ್ನು ಪಡೆಯಬೇಕಾಗಿದ್ದ ಇಷ್ಟು ಜೀವಗಳು ಈಗ ಪಡೆಯುವುದಿಲ್ಲ.

ಇದಕ್ಕೆ ಕಾರಣವೇನು? ಹೇಂಟೆಗಳ ವಯಸ್ಸೇ ಕಾರಣವೆಂಬುದು ಒಂದು ಪಕ್ಷ. ಮಾಂಸಕ್ಕೆ ಬೇಡಿಕೆ ಹೆಚ್ಚಿದಾಗ ಮುದಿ ಹೇಂಟೆಗಳನ್ನು ಮಾರದೆ ಇನ್ನಷ್ಟು ವಾರ ಉಳಿಸಿಕೊಳ್ಳುತ್ತಾರೆ. ಮುದಿಯಾದಷ್ಟೂ ಅವುಗಳ ಮೊಟ್ಟೆಯಲ್ಲಿ ಮರಿ ಕಡಿಮೆ. ಇದು ಸತ್ಯವಾದರೂ ಅರ್ಧಸತ್ಯ. ವಯಸ್ಸಿನ ಕಾರಣವು ಒಂದು ವರ್ಷದ ಏರಿಳಿತವನ್ನು ವಿವರಿಸಬಲ್ಲುದಲ್ಲದೆ ಹತ್ತು ವರ್ಷಗಳ ಇಳಿಜಾರನ್ನು ವಿವರಿಸಲಾರದು. ಸಿದ್ಧಾಂತವನ್ನು ತಳಿಯಲ್ಲಿಯೇ ಹುಡುಕಬೇಕು. ಮಾಂಸದ ತೂಕವೂ ಸಂತಾನಶಕ್ತಿಯೂ ಒಂದೇ ದಿಕ್ಕಿಗೆ ಬೆಳೆಯತಕ್ಕವಲ್ಲ. ಎದೆ ಭಾರವಾದ ಹುಂಜವು ಹೇಂಟೆಯೊಡನೆ ಸರಿಯಾಗಿ ಕೂಡಲಾರದು. ಕೊಬ್ಬಿದ ಹೇಂಟೆಯು ಕ್ರಮವಾಗಿ ಮೊಟ್ಟೆಯಿಡಲಾರದು. ಆದಕಾರಣ ಮಕ್ಕಳು ಹೊಟ್ಟೆತುಂಬ ತಿಂದು ಬೇಗ ಬೆಳೆಯಲೆಂದು ಆರಿಸಿದ ತಳಿಯಲ್ಲಿ ತಾಯಿತಂದೆಗಳಿಗೆ ಮಾತ್ರ ಮೇವನ್ನು ಅಳೆದು ಕೊಡುತ್ತಾರೆ, ಅರೆಹೊಟ್ಟೆಯಲ್ಲಿಡುತ್ತಾರೆ. ಇಚ್ಛೆ ಬಂದಷ್ಟು ತಿನ್ನಬಿಟ್ಟರೆ ವಂಶವೇ ನಿಲ್ಲದು. ಹಸಿದ ತಂದೆತಾಯಿಗಳಿಂದ ತೃಪ್ತರಾದ ಮಕ್ಕಳನ್ನು ಪಡೆಯುವ ಈ ವೈಪರೀತ್ಯವು ಉದ್ಯಮದ ಅಂತರಂಗದಲ್ಲಿಯೇ ಇದೆ. 2021ರಲ್ಲಿ ಟೈಸನ್ ಎಂಬ ದೊಡ್ಡ ಸಂಸ್ಥೆಯು ತಾನು ಆರಿಸಿಕೊಂಡ ಹುಂಜದ ತಳಿಯಿಂದ ಮರಿಗಳ ಸಂಖ್ಯೆ ನಿರೀಕ್ಷೆಗಿಂತ ಕುಗ್ಗಿತೆಂದು ಬಹಿರಂಗವಾಗಿ ಒಪ್ಪಿಕೊಂಡು, ಆ ತಳಿಯನ್ನು ಬದಲಿಸಲು ತೊಡಗಿತು. ಇದರಿಂದ ಮೇಲಿನ ಪಕ್ಷಕ್ಕೆ ಬಲ ಬರುತ್ತದೆ.

ಹಾಗಾದರೆ ಮಾಂಸ ಕಡಿಮೆಯಾಯಿತೇ ಎಂದರೆ, ಇಲ್ಲ. ಮರಿಗಳ ನಷ್ಟವನ್ನು ಎರಡು ಬಗೆಯಲ್ಲಿ ತುಂಬುತ್ತಾರೆ: ಹೆಚ್ಚು ಮೊಟ್ಟೆ ಇಡುವುದರಿಂದ, ಒಂದೊಂದು ಕೋಳಿಯನ್ನೂ ಹೆಚ್ಚು ಭಾರವಾಗಿ ಬೆಳೆಸುವುದರಿಂದ. ಇವೆರಡರಲ್ಲಿ ಎರಡನೆಯದು ರೋಗಮೂಲವನ್ನೇ ಔಷಧವೆಂದು ಕೊಟ್ಟಂತಾಗುವುದೆಂಬುದನ್ನು ಸುಜ್ಞರು ಗಮನಿಸಬೇಕು.

ಹ್ಯಾಚರಿಯ ಲೆಕ್ಕಕ್ಕೆ ಭವಿಷ್ಯವನ್ನು ಹೇಳುವ ಸಾಮರ್ಥ್ಯವಿರುವುದೂ ಸ್ಮರಣೀಯ. ಇಂದು ಕಾವಿಗಿಟ್ಟ ಮೊಟ್ಟೆಯು ಮೂರು ವಾರಕ್ಕೆ ಮರಿಯಾಗಿ, ಅಲ್ಲಿಂದ ಆರೇಳು ವಾರಕ್ಕೆ ಪೇಟೆಗೆ ಬರುವುದರಿಂದ, ಒಂಬತ್ತು ಹತ್ತು ವಾರಗಳ ಮುಂದಿನ ಮಾಂಸವನ್ನು ಈ ವರದಿಯಲ್ಲಿ ಓದಬಹುದು. ಆದರೆ ಅಷ್ಟರಲ್ಲಿ ಪೇಟೆಯೇ ಕುಸಿದರೆ ಹಿಂದಕ್ಕೆ ತಿರುಗಿಸುವ ಉಪಾಯವಿಲ್ಲ. 2020ರ ಆರಂಭದಲ್ಲಿ ಕೋಳಿಮಾಂಸದಿಂದ ಕೊರೋನಾ ಹರಡುವುದೆಂಬ ಸುಳ್ಳು ಸುದ್ದಿ ಹಬ್ಬಿ, ಕರ್ನಾಟಕದಲ್ಲಿ ಬೆಲೆ ಬಿದ್ದು, ಬೆಳಗಾವಿ ಜಿಲ್ಲೆಯ ಗೋಕಾಕದ ಕಡೆ ಸಾವಿರಾರು ಕೋಳಿಗಳನ್ನು ಜೀವಸಹಿತ ಹೂಳಿದರು. ಅವು ಕಾವಿಗೆ ಇಟ್ಟಾಗ ಆ ಸುದ್ದಿಯು ಹುಟ್ಟಿರಲೇ ಇಲ್ಲ. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಡೆಲವೇರಿನ ಪ್ರಾಂತದಲ್ಲಿ, ಕೊಯ್ಯುವ ಕಾರ್ಖಾನೆಗಳಿಗೆ ಆಳುಗಳು ಬಾರದೆ, ಸುಮಾರು 20 ಲಕ್ಷ ಕೋಳಿಗಳನ್ನು ವ್ಯರ್ಥವಾಗಿ ಕೊಲ್ಲಬೇಕಾಯಿತು. ಮೊಟ್ಟೆಯಿಡುವುದನ್ನು ಒಂದು ದಿನದಲ್ಲಿ ನಿಲ್ಲಿಸಬಹುದು. ಇಟ್ಟದ್ದು ಬರುವುದನ್ನು ನಿಲ್ಲಿಸಲಾಗದು.

ಇಳಿದ ಪ್ರಮಾಣವನ್ನು ಮತ್ತೆ ಏರಿಸುವ ವಿಷಯದಲ್ಲಿಯೂ ಇದೇ ವಿಳಂಬವು ಇನ್ನಷ್ಟು ದೀರ್ಘವಾಗಿ ಕಾಣುತ್ತದೆ. ಮಾಂಸದ ಕೋಳಿಯ ಹಿಂದೆ ಅದರ ತಂದೆತಾಯಿ, ಅಜ್ಜಅಜ್ಜಿ, ಮುತ್ತಜ್ಜಮುತ್ತಜ್ಜಿಗಳ ಹಿಂಡುಗಳಿದ್ದು, ಅವೆಲ್ಲಕ್ಕೂ ಮೂಲವಾದ ವಂಶವು ತಳಿ ಬೆಳೆಸುವ ಕೆಲವೇ ಸಂಸ್ಥೆಗಳ ಕೈಯಲ್ಲಿದೆ. ಹೇಂಟೆಯು ಮೊಟ್ಟೆಯಿಡಲು ಸುಮಾರು ಇಪ್ಪತ್ತೈದು ವಾರ ವಯಸ್ಸಾಗಬೇಕು. ಮೂಲವಂಶದಲ್ಲಿ ಇಂದು ಸಂತಾನಶಕ್ತಿಯನ್ನು ನೋಡಿ ಹುಂಜವನ್ನು ಆರಿಸಿದರೂ ಅದರ ಗುಣವು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹ್ಯಾಚರಿಯ ಪೆಟ್ಟಿಗೆಯನ್ನು ಮುಟ್ಟಲು ನಾಲ್ಕೈದು ವರ್ಷಗಳು ಹಿಡಿಯುತ್ತವೆ. ಈ ವಾರದ ವರದಿಯಲ್ಲಿ ಕಾಣುವ ನೂರಕ್ಕೆ 80 ಎಂಬ ಅಂಕವು ಹಲವು ವರ್ಷಗಳ ಕೆಳಗೆ, ತೂಕವನ್ನೇ ಮುಂದಿಟ್ಟುಕೊಂಡು ಮಾಡಿದ ಆಯ್ಕೆಯ ಫಲ.