ತಕ್ಕಡಿ ಕೆಳಗಿಟ್ಟ ಅಡುಗೆಮನೆ

ಬಟ್ಟಲಲ್ಲಿ ಗಟ್ಟಿ ಕೆನೆ. ಪಕ್ಕದಲ್ಲಿ ಬೆಣ್ಣೆ, ಸ್ವಲ್ಪ ಮೊಟ್ಟೆ, ಎರಡು ಬೆರಳಲ್ಲಿ ಹಿಡಿಯುವಷ್ಟು ಹಣ್ಣು. ಒಂದೊಂದನ್ನೂ ಗ್ರಾಂ ತಕ್ಕಡಿಯ ಮೇಲಿಟ್ಟು ತೂಗಿದ್ದಾಗಿದೆ. ಮಗು ಉಂಡ ಮೇಲೆ ತಾಯಿ ರಬ್ಬರಿನ ಚಮಚದಿಂದ ಬಟ್ಟಲನ್ನು ಬಳಿದು, ಅಂಚಿಗೆ ಅಂಟಿದ್ದ ಕೆನೆಯನ್ನೂ ಮಗುವಿನ ಬಾಯಿಗಿಡುತ್ತಾಳೆ. ಉಳಿಸಿದರೆ ಲೆಕ್ಕ ತಪ್ಪುತ್ತದೆ, ಇನ್ನೊಂದು ತುತ್ತು ಕೊಟ್ಟರೂ ಲೆಕ್ಕ ತಪ್ಪುತ್ತದೆ. ಶಾಲೆಯಲ್ಲಿ ಗೆಳೆಯನ ಹುಟ್ಟುಹಬ್ಬದ ಚಾಕೊಲೇಟ್ ಒಂದು ಬಾಯಿಗೆ ಬಿದ್ದರೆ, ವಾರಗಟ್ಟಲೆ ನಿಂತಿದ್ದ ಫಿಟ್ಸ್ ಮರಳಿ ಬಂದೀತು ಎಂಬ ಭಯ ಮನೆಯವರಿಗೆ.

ಇದು ಕೀಟೋಜೆನಿಕ್ ಆಹಾರ. ಮಾತ್ರೆಗೆ ಬಗ್ಗದ ಮೂರ್ಛೆರೋಗಕ್ಕೆ ನೂರು ವರ್ಷದಿಂದ ಇರುವ ಚಿಕಿತ್ಸೆ. ಫಿಟ್ಸ್ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಔಷಧಿಗಳು ಹಿಡಿತ ಕೊಡುವುದಿಲ್ಲ. ಅಂಥ ಮಕ್ಕಳಲ್ಲಿ ಎಷ್ಟೋ ಮಂದಿಗೆ ಈ ಊಟ ಕೆಲಸ ಮಾಡುತ್ತದೆ. ಆದರೆ ಅದನ್ನು ಮನೆಯಲ್ಲಿ ದಿನಕ್ಕೆ ಮೂರು ಹೊತ್ತು, ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ಯಾರಿಗೆ ಸಾಧ್ಯ? ಆ ತಕ್ಕಡಿಯನ್ನು ಕೆಳಗಿಡುವ ದಾರಿ ಹೇಗೆ ಸಿಕ್ಕಿತು ಎಂಬುದೇ ಇಲ್ಲಿ ಹೇಳಹೊರಟಿರುವ ಕತೆ. ನನ್ನ ಮಟ್ಟಿಗೆ ಇದು ಹೊಸ ಮಾತ್ರೆಯೊಂದನ್ನು ಕಂಡುಹಿಡಿದಷ್ಟೇ ದೊಡ್ಡ ಕೆಲಸ.

ಉಪವಾಸ ಕೆಡವಿದರೆ ಮೂರ್ಛೆ ನಿಲ್ಲುತ್ತದೆ ಎಂಬುದು ಬಹಳ ಹಿಂದಿನ ಮಾತು. ಅದನ್ನು ಆಧುನಿಕ ವೈದ್ಯರು ರೋಗಿಗಳ ಮೇಲೆ ಪರೀಕ್ಷಿಸಿ ಬರೆದಿಟ್ಟದ್ದು 1911ರಲ್ಲಿ, ಪ್ಯಾರಿಸ್ಸಿನಲ್ಲಿ. ಗೆಲ್ಪಾ ಮತ್ತು ಮರೀ ಎಂಬ ಇಬ್ಬರು ವೈದ್ಯರು ಅದನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್ ಊರಿನ ಹ್ಯೂ ಕಾಂಕ್ಲಿನ್ ಎಂಬಾತ ಮಕ್ಕಳಿಗೆ ನೀರನ್ನಷ್ಟೇ ಕೊಟ್ಟು ಎರಡು ಮೂರು ವಾರ ಉಪವಾಸ ಇಡತೊಡಗಿದ. ಕರುಳಿನಲ್ಲಿ ಹುಟ್ಟುವ ವಿಷ ಮಿದುಳಿಗೇರಿ ಮೂರ್ಛೆ ತರುತ್ತದೆ ಎಂದು ಅವನು ನಂಬಿದ್ದ. ನಂಬಿಕೆ ತಪ್ಪು, ಆದರೆ ಕಣ್ಣಿಗೆ ಕಂಡ ಫಲ ಸುಳ್ಳಾಗಿರಲಿಲ್ಲ. ಅವನಲ್ಲಿಗೆ ಬಂದ ಮಕ್ಕಳಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರ ಮಗನೂ ಇದ್ದ. ಆ ವಕೀಲರ ಅಣ್ಣತಮ್ಮಂದಿರಲ್ಲಿ ಒಬ್ಬರು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿದ್ದ ಜಾನ್ ಹೌಲ್ಯಾಂಡ್. ಉಪವಾಸದಲ್ಲಿ ಮೈಯೊಳಗೆ ಏನಾಗುತ್ತದೆ, ಹುಡುಕಿ ಎಂದು ತಂದೆ ಹಣ ಕೊಟ್ಟರು. ಈ ಕತೆಯಲ್ಲಿ ಮನೆಯವರೇ ವಿಜ್ಞಾನಿಗಳನ್ನು ಮುಂದಕ್ಕೆ ದೂಡುವುದು ಇದು ಮೊದಲ ಸಲ, ಕೊನೆಯ ಸಲವಲ್ಲ.

ಉಪವಾಸ ಮುರಿದೊಡನೆ ಫಿಟ್ಸ್ ಮರಳುತ್ತಿತ್ತು. ಬೆಳೆಯುವ ಮಗುವನ್ನು ಎಷ್ಟು ದಿನ ಹಸಿದಿಡಲಾದೀತು? 1921ರಲ್ಲಿ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಇದಕ್ಕೊಂದು ಉಪಾಯ ಹೇಳಿದರು. ಹೊಟ್ಟೆಗಿಲ್ಲದಾಗ ದೇಹ ತನ್ನ ಕೊಬ್ಬನ್ನೇ ಉರಿಸುತ್ತದೆ, ಆಗ ರಕ್ತದಲ್ಲಿ ಕೀಟೋನ್ ಎಂಬ ಪದಾರ್ಥಗಳು ಏರುತ್ತವೆ. ಪಿಷ್ಟ ಮತ್ತು ಸಕ್ಕರೆಯನ್ನು ತೀರಾ ಕಡಿಮೆ ಮಾಡಿ, ಊಟದಲ್ಲೇ ಕೊಬ್ಬು ತುಂಬಿಸಿದರೂ ಹಾಗೇ ಆಗಬೇಕಲ್ಲ? ಮಗು ಹೊಟ್ಟೆತುಂಬ ಉಂಡರೂ ಮೈ ಉಪವಾಸದಲ್ಲಿದ್ದಂತೆ ನಡೆದುಕೊಳ್ಳುತ್ತದೆ. ಕೀಟೋಜೆನಿಕ್ ಎಂಬ ಹೆಸರು ಅವರದೇ. ಅದೇ ಮೇಯೋದ ಮೈನೀ ಪೀಟರ್‌ಮನ್ ಲೆಕ್ಕವನ್ನು ಗಟ್ಟಿ ಮಾಡಿದರು: ತೂಕದ ಕಿಲೋಗೆ 1 ಗ್ರಾಂ ಪ್ರೋಟೀನು, ದಿನಕ್ಕೆ 10ರಿಂದ 15 ಗ್ರಾಂ ಕಾರ್ಬೋಹೈಡ್ರೇಟು, ಮಿಕ್ಕದ್ದೆಲ್ಲ ಕೊಬ್ಬು.

1938ರಲ್ಲಿ ಫೆನಿಟೋಯಿನ್ ಎಂಬ ಮೂರ್ಛೆಯ ಔಷಧಿ ಬಂತು. ಮಾತ್ರೆ ನುಂಗುವುದು ಸುಲಭ, ಕೆನೆ ತೂಗುವುದು ಕಷ್ಟ. ಆಹಾರ ಚಿಕಿತ್ಸೆ ಒಂದೆರಡು ಆಸ್ಪತ್ರೆಗಳ ಮೂಲೆ ಸೇರಿತು. ಅದನ್ನು ಮೂಲೆಯಿಂದ ಎಬ್ಬಿಸಿದ್ದು 1993ರಲ್ಲಿ ಹಾಲಿವುಡ್ಡಿನ ಒಬ್ಬ ತಂದೆ. ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಪುಟ್ಟ ಮಗ ಚಾರ್ಲಿಗೆ ಯಾವ ಔಷಧಿಯೂ ನಾಟಲಿಲ್ಲ, ಮಿದುಳಿನ ಶಸ್ತ್ರಚಿಕಿತ್ಸೆಯೂ ಸೋತಿತು. ತಂದೆ ತಾನೇ ಗ್ರಂಥಾಲಯದಲ್ಲಿ ಪುಸ್ತಕ ತಿರುವುತ್ತ ಕೂತಾಗ ಈ ಊಟದ ಸುದ್ದಿ ಸಿಕ್ಕಿತು. ಮಗುವನ್ನು ಜಾನ್ಸ್ ಹಾಪ್ಕಿನ್ಸ್‌ಗೆ ಕರೆದೊಯ್ದರು. ಅಲ್ಲಿ ಡಾ. ಜಾನ್ ಫ್ರೀಮನ್ ಜೊತೆ ಮಿಲಿಸೆಂಟ್ ಕೆಲ್ಲಿ ಎಂಬ ಹಿರಿಯ ಆಹಾರತಜ್ಞೆ ದಶಕಗಳಿಂದ ಈ ಪದ್ಧತಿಯನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದರು. ಫಿಟ್ಸ್ ಕೆಲವೇ ದಿನಗಳಲ್ಲಿ ನಿಂತಿತು. ಇದನ್ನು ನಮಗೆ ಮೊದಲೇ ಯಾರೂ ಯಾಕೆ ಹೇಳಲಿಲ್ಲ ಎಂಬ ಸಂಕಟದಿಂದಲೇ ಅಬ್ರಹಾಮ್ಸ್ 1994ರಲ್ಲಿ ಚಾರ್ಲಿ ಫೌಂಡೇಶನ್ ಕಟ್ಟಿದರು. 1997ರಲ್ಲಿ ಮೆರಿಲ್ ಸ್ಟ್ರೀಪ್ ನಟಿಸಿದ ಚಲನಚಿತ್ರವನ್ನೂ ತೆಗೆದರು. ಆ ಕೆಲ್ಲಿಯಂಥವರು ಇಲ್ಲದಿದ್ದರೆ ವಿದ್ಯೆಯೇ ಅಳಿದುಹೋಗುತ್ತಿತ್ತು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಈಗ ಕತೆಯ ಇನ್ನೊಂದು ಎಳೆ. ಇದಕ್ಕೂ ಫಿಟ್ಸ್‌ಗೂ ಆಗ ಯಾವ ನಂಟೂ ಇರಲಿಲ್ಲ.

ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯವರ ಊಟದ ಬಗ್ಗೆ ಯೋಚಿಸುತ್ತಿದ್ದರು. ಸಕ್ಕರೆ ಬೇಗ ಅರಗುತ್ತದೆ, ಧಾನ್ಯದ ಪಿಷ್ಟ ನಿಧಾನ ಎಂಬುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಅವರು ಅದನ್ನು ಒಪ್ಪುವ ಬದಲು ಅಳೆದರು. ಆರೋಗ್ಯವಂತರು ರಾತ್ರಿಯಿಡೀ ಏನೂ ತಿನ್ನದೆ ಬೆಳಿಗ್ಗೆ ಬರುತ್ತಾರೆ. 50 ಗ್ರಾಂ ಕಾರ್ಬೋಹೈಡ್ರೇಟು ಇರುವಷ್ಟು ಒಂದೇ ಪದಾರ್ಥ ತಿನ್ನುತ್ತಾರೆ: ಒಂದು ದಿನ ಬ್ರೆಡ್ಡು, ಇನ್ನೊಂದು ದಿನ ಅನ್ನ, ಮತ್ತೊಂದು ದಿನ ಬೇಳೆ. ಎರಡು ಗಂಟೆಯ ಹೊತ್ತು ಮತ್ತೆ ಮತ್ತೆ ಬೆರಳು ಚುಚ್ಚಿ ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. ಅಂಕಿಗಳನ್ನು ಜೋಡಿಸಿದರೆ ಒಂದು ಗುಡ್ಡದ ಆಕಾರ ಮೂಡುತ್ತದೆ. ಬರಿ ಗ್ಲೂಕೋಸ್ ಕುಡಿದಾಗ ಮೂಡುವ ಗುಡ್ಡಕ್ಕೆ 100 ಅಂಕ. ಉಳಿದವು ಅದರ ಎಷ್ಟು ಪಾಲು ಎಂದು ಲೆಕ್ಕ. 1981ರಲ್ಲಿ 62 ಪದಾರ್ಥಗಳ ಪಟ್ಟಿ ಅಚ್ಚಾಯಿತು. ಅದೇ ಗ್ಲೈಸೆಮಿಕ್ ಸೂಚ್ಯಂಕ.

ಪಟ್ಟಿ ನೋಡಿದವರು ಬೆರಗಾದರು. ಬಿಳಿ ಅನ್ನಕ್ಕೆ 72, ಬಿಳಿ ಬ್ರೆಡ್ಡಿಗೆ 69, ಆದರೆ ಸಾಮಾನ್ಯ ಸಕ್ಕರೆಗೆ 59! ಸಿಹಿಯಾದ ಐಸ್‌ಕ್ರೀಮಿಗೆ 36, ಮಸೂರ ಜಾತಿಯ ಬೇಳೆಗೆ 29, ಕಡಲೆಕಾಯಿ ಬೀಜಕ್ಕೆ 13. ನಾಲಿಗೆಗೆ ಸಿಹಿ ಎನ್ನಿಸುವುದಕ್ಕೂ ರಕ್ತದಲ್ಲಿ ಸಕ್ಕರೆ ಏರುವುದಕ್ಕೂ ನೇರ ಸಂಬಂಧವಿಲ್ಲ ಎಂಬುದು ತಿಳಿಯಿತು. ಕೊಬ್ಬು ಮತ್ತು ಪ್ರೋಟೀನು ಹೆಚ್ಚಿದ್ದ ಪದಾರ್ಥಗಳಲ್ಲಿ ಏರಿಕೆ ಕಡಿಮೆಯಾಗಿತ್ತು. ಪಟ್ಟಿಯಲ್ಲಿ ತಪ್ಪೂ ಇತ್ತು. ಕ್ಯಾರೆಟ್‌ಗೆ 92 ಎಂದು ಬರೆದಿದ್ದರು. ಒಂದೊಂದು ಪದಾರ್ಥ ತಿಂದವರು 5ರಿಂದ 10 ಮಂದಿ ಮಾತ್ರವಾದ್ದರಿಂದ ಇಂಥ ಎಡವಟ್ಟು ಸಹಜ. ಆಮೇಲೆ ಅಳೆದವರಿಗೆ ಅದು ಸುಮಾರು ಅರ್ಧಕ್ಕೆ, ಅದಕ್ಕಿಂತ ಕೆಳಕ್ಕೂ ಇಳಿದು ಕಂಡಿತು. ಅಷ್ಟರಲ್ಲಿ ಕ್ಯಾರೆಟ್ಟಿಗೆ ಕೆಟ್ಟ ಹೆಸರು ಬಂದಾಗಿತ್ತು, ಪಾಪ.

ನಮ್ಮ ಅಡುಗೆಮನೆಯ ಕಣ್ಣಿನಿಂದ ನೋಡಿದರೆ ಈ ಅಂಕಿಗಳ ಹಿಂದಿರುವ ಕಾರಣ ಸುಲಭವಾಗಿ ತಿಳಿಯುತ್ತದೆ. ಇಡೀ ಕಡಲೆಕಾಳಿನಲ್ಲಿ ಪಿಷ್ಟ ಗಟ್ಟಿ ಕೋಶಗಳೊಳಗೆ ಕೂತಿರುತ್ತದೆ, ಜೀರ್ಣರಸ ಅದನ್ನು ತಲುಪಲು ಹೊತ್ತು ಬೇಕು. ನುಣ್ಣಗೆ ಬೀಸಿದರೆ, ಮೆತ್ತಗೆ ಬೇಯಿಸಿದರೆ ಬಾಗಿಲು ತೆರೆದಿಟ್ಟಂತೆ. ಒಂದೇ ಧಾನ್ಯ ಕಾಳಾಗಿದ್ದಾಗ ಒಂದು ತೆರ, ಗಂಜಿಯಾದಾಗ ಇನ್ನೊಂದು ತೆರ. ರಾಗಿ, ನವಣೆ ಎಂಬ ಹೆಸರು ಕೇಳಿದ ಕೂಡಲೇ ಇದು ನಿಧಾನದ ಆಹಾರ ಎಂದು ನಂಬುವವರು ಈ ಮಾತನ್ನು ಮರೆಯಬಾರದು. ಜೊತೆಗೆ ತುಪ್ಪ, ಮೊಸರು, ಪನೀರು ಸೇರಿದರೆ ಹೊಟ್ಟೆ ಖಾಲಿಯಾಗುವುದೇ ತಡವಾಗುತ್ತದೆ, ಸಕ್ಕರೆಯೂ ತಡವಾಗಿ ರಕ್ತಕ್ಕಿಳಿಯುತ್ತದೆ.

ಎರಡು ಎಳೆಗಳು ಕೂಡಿದ್ದು ಬಾಸ್ಟನ್ನಿನಲ್ಲಿ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಕ್ಕಳ ನರರೋಗ ತಜ್ಞೆ ಎಲಿಜಬೆತ್ ಥೀಲೆ ಮತ್ತು ಆಹಾರತಜ್ಞೆ ಹೈಡಿ ಫೈಫರ್ ಕೀಟೋಜೆನಿಕ್ ಊಟದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಊಟ ಫಲಿಸಿದರೂ ಅದನ್ನು ನಡೆಸಲಾರದೆ ಬಿಟ್ಟುಬಿಡುವ ಮನೆಗಳು ಅವರ ಕಣ್ಣಮುಂದಿದ್ದವು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ಆ ಮಕ್ಕಳ ರಕ್ತದ ಸಕ್ಕರೆ ಏರುಪೇರಿಲ್ಲದೆ ಒಂದೇ ಮಟ್ಟದಲ್ಲಿ ನಿಂತಿರುತ್ತಿತ್ತು. ಎಲ್ಲರೂ ಕೀಟೋನನ್ನೇ ನೋಡುತ್ತಿದ್ದಾಗ ಇವರು ಸಕ್ಕರೆಯ ಆ ಸಪಾಟು ಗೆರೆಯನ್ನು ನೋಡಿದರು. ಫಿಟ್ಸ್ ತಡೆಯುವುದರಲ್ಲಿ ಆ ಗೆರೆಗೂ ಪಾಲಿದ್ದರೆ? ಹಾಗಿದ್ದರೆ ಕಾರ್ಬೋಹೈಡ್ರೇಟನ್ನು ಪೂರ್ತಿ ಓಡಿಸಬೇಕಿಲ್ಲ, ನಿಧಾನವಾಗಿ ಅರಗುವುದನ್ನು ಆರಿಸಿ ಕೊಟ್ಟರೆ ಸಾಕು.

2002ರಲ್ಲಿ ಅವರು ಶುರುಮಾಡಿದ ಪದ್ಧತಿ ಹೀಗಿತ್ತು. ದಿನಕ್ಕೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟು, ಅದೂ ಸೂಚ್ಯಂಕ 50ಕ್ಕಿಂತ ಕೆಳಗಿರುವ ಪದಾರ್ಥಗಳಿಂದ ಮಾತ್ರ. ಶಕ್ತಿಯ ಸುಮಾರು 60 ಶೇಕಡ ಕೊಬ್ಬಿನಿಂದ. ಉಪವಾಸ ಬೇಡ, ಆಸ್ಪತ್ರೆಯಲ್ಲಿ ಮಲಗುವುದೂ ಬೇಡ. ಮುಖ್ಯವಾಗಿ, ತಕ್ಕಡಿ ಬೇಡ. ಬಟ್ಟಲು, ಚಮಚ, ತುಂಡುಗಳ ಲೆಕ್ಕವೇ ಸಾಕು. ಮಗು ಹೋಟೆಲಿಗೆ ಹೋಗಬಹುದು, ಮನೆಯವರ ಜೊತೆ ಕೂತು ಉಣ್ಣಬಹುದು.

2005ರಲ್ಲಿ ಮೊದಲ ವರದಿ ಬಂತು: 20 ರೋಗಿಗಳಲ್ಲಿ 10 ಮಂದಿಗೆ ಫಿಟ್ಸ್ 90 ಶೇಕಡಕ್ಕೂ ಹೆಚ್ಚು ಇಳಿದಿತ್ತು. 2009ರ ದೊಡ್ಡ ವರದಿಯಲ್ಲಿ 76 ಮಕ್ಕಳಿದ್ದರು. ಮೂರನೆಯ ತಿಂಗಳಲ್ಲಿ, ಆ ಹೊತ್ತಿಗೆ ಪದ್ಧತಿಯಲ್ಲಿದ್ದ ಮಕ್ಕಳಲ್ಲಿ ಅರ್ಧ ಮಂದಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಇಷ್ಟು ಸಡಿಲಿಸಿದ ಮೇಲೂ ಬಿಟ್ಟುಹೋದವರು ಕೊಟ್ಟ ಮುಖ್ಯ ಕಾರಣ ಮತ್ತದೇ: ಊಟದ ಕಟ್ಟು ಬಿಗಿಯಾಯಿತು. ಈ ಮಾತನ್ನು ಮುಚ್ಚಿಡದೆ ಬರೆದ ವರದಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಭಾರತದಲ್ಲಿ ಇದು ನಡೆದೀತೇ? ಒಂದು ಬಟ್ಟಲು ಅನ್ನದಲ್ಲೇ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟು ಇರುತ್ತದೆ. ಒಂದು ಹೊತ್ತಿನ ಅನ್ನಕ್ಕೆ ಇಡೀ ದಿನದ ಪಾಲು ಹೆಚ್ಚುಕಡಿಮೆ ಮುಗಿಯುತ್ತದೆ. ಹಾಗಾಗಿ ನಮ್ಮಲ್ಲಿ ಇಂಥ ಮಗುವಿನ ತಟ್ಟೆ ತಲೆಕೆಳಗಾಗಬೇಕು: ಎಣ್ಣೆ ಧಾರಾಳವಾಗಿ ಹಾಕಿದ ಹುರುಳಿಕಾಯಿ ಅಥವಾ ಸೊಪ್ಪಿನ ಪಲ್ಯ ದೊಡ್ಡ ಪಾಲು, ಮೊಟ್ಟೆ ಅಥವಾ ಪನೀರು ಎರಡನೆಯದು, ಅಳೆದಿಟ್ಟ ಸ್ವಲ್ಪ ಕಾಳು, ಕಡಲೆಕಾಯಿ, ಕೆನೆ ಮೊಸರು. ಅನ್ನ, ಇಡ್ಲಿ, ಉಪ್ಪಿಟ್ಟು ಹೆಚ್ಚುಕಡಿಮೆ ಇಲ್ಲ. ಅಜ್ಜಿ ಇರುವ ಮನೆಯಲ್ಲಿ ಇದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ತುತ್ತು ಮೊಸರನ್ನಕ್ಕೆ ಏನಾಗುತ್ತೆ ಬಿಡು, ಮಗು ಬಡವಾಗಿದೆ ಎನ್ನುವ ಆ ಪ್ರೀತಿಯನ್ನು ಎದುರಿಸುವುದು ಯಾವ ತಾಯಿಗೂ ಸುಲಭವಲ್ಲ.

ದೆಹಲಿಯ ಏಮ್ಸ್ ಮೂರು ಪದ್ಧತಿಗಳನ್ನು ಎದುರುಬದುರು ನಿಲ್ಲಿಸಿ ನೋಡಿತು. ಒಂದು ಹಳೆಯ ಕೀಟೋಜೆನಿಕ್, ಇನ್ನೊಂದು ಅದರ ಸಡಿಲ ರೂಪವಾದ ಮಾರ್ಪಡಿಸಿದ ಅಟ್ಕಿನ್ಸ್, ಮೂರನೆಯದು ಬಾಸ್ಟನ್ನಿನ ಈ ನಿಧಾನ ಸಕ್ಕರೆಯ ಊಟ. 1ರಿಂದ 15 ವರ್ಷದ 170 ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ 24 ವಾರ ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಪ್ರತಿ ಗುಂಪಿನ ನಡುವಿನ ಅಂಕಿ ಹಿಡಿದರೆ, ಫಿಟ್ಸ್ ಇಳಿದದ್ದು ಕೀಟೋಜೆನಿಕ್‌ನಲ್ಲಿ 66 ಶೇಕಡ, ಅಟ್ಕಿನ್ಸ್‌ನಲ್ಲಿ 45, ನಿಧಾನ ಸಕ್ಕರೆಯಲ್ಲಿ 54. ಸಡಿಲ ಪದ್ಧತಿಗಳು ಹಳೆಯದಕ್ಕೆ ಸಮ ಎಂದು ಸಾಬೀತಾಗಲಿಲ್ಲ. ಆದರೆ ಅಡ್ಡಪರಿಣಾಮ ಕೀಟೋಜೆನಿಕ್‌ನ 55 ಮಕ್ಕಳಲ್ಲಿ 31 ಮಂದಿಗೆ ಕಂಡರೆ, ನಿಧಾನ ಸಕ್ಕರೆಯ 57 ಮಕ್ಕಳಲ್ಲಿ 19 ಮಂದಿಗೆ ಮಾತ್ರ. ನನ್ನ ತೀರ್ಮಾನ ಇಷ್ಟು: ತೂಗಿ ಉಣಿಸಬಲ್ಲ ಮನೆಗೆ ಹಳೆಯದೇ ಬಲವಾದದ್ದು. ತೂಗಲಾಗದ ಮನೆಗೆ, ದೊಡ್ಡ ಹುಡುಗ ಹುಡುಗಿಯರಿಗೆ, ಏನೂ ಇಲ್ಲದಿರುವುದಕ್ಕಿಂತ ಇದು ಬಹಳ ದೊಡ್ಡ ಆಸರೆ.

ಓದುವ ತಂದೆತಾಯಂದಿರಲ್ಲಿ ಒಂದು ಬೇಡಿಕೆ. ದಯವಿಟ್ಟು ಇದನ್ನು ಓದಿ ನಾಳೆಯಿಂದಲೇ ಅನ್ನ ನಿಲ್ಲಿಸಬೇಡಿ, ಮಾತ್ರೆ ಬಿಡಿಸಬೇಡಿ. ಕೊಬ್ಬನ್ನು ಉರಿಸಲಾಗದ ಹುಟ್ಟುಕಾಯಿಲೆಗಳಿರುವ ಮಕ್ಕಳಿಗೆ ಕೊಬ್ಬಿನ ಊಟ ಪ್ರಾಣಕ್ಕೇ ಕುತ್ತು, ಆದ್ದರಿಂದ ರಕ್ತಪರೀಕ್ಷೆ ಮೊದಲು, ಊಟ ಆಮೇಲೆ. ಆದರೆ ಎರಡು ಔಷಧಿಗಳನ್ನು ಸರಿಯಾಗಿ ಕೊಟ್ಟೂ ಫಿಟ್ಸ್ ನಿಂತಿಲ್ಲವಾದರೆ, ಮುಂದಿನ ಸಲ ಮಕ್ಕಳ ನರರೋಗ ತಜ್ಞರ ಬಳಿ ಹೋದಾಗ ನೀವೇ ಬಾಯಿಬಿಟ್ಟು ಕೇಳಿ: ನಮ್ಮ ಮಗುವಿಗೆ ಊಟದ ಚಿಕಿತ್ಸೆ ಆಗುತ್ತದೆಯೇ ಎಂದು. ಹೋಗುವಾಗ ಒಂದು ವಾರ ಮಗು ಏನೇನು ತಿಂದಿತು ಎಂಬುದನ್ನು ಬರೆದುಕೊಂಡು ಹೋಗಿ. ಮನೆಯಲ್ಲಿರುವ ಕೆಮ್ಮು, ಜ್ವರದ ಸಿರಪ್ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವುಗಳಲ್ಲಿ ಹಲವಕ್ಕೆ ಸಕ್ಕರೆ ಹಾಕಿರುತ್ತಾರೆ, ಆ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ.