ಅಂಗಡಿಯ ಮಾತು

ವ್ಯಾಪಾರವೆಂದರೆ ಸರಕು, ತಕ್ಕಡಿ, ಹಣ ಈ ಮೂರರ ವ್ಯವಹಾರವೆಂದು ತಿಳಿಯುವುದು ವಾಡಿಕೆ. ಆದರೆ ಇವುಗಳ ಜತೆಗೆ ನಾಲ್ಕನೆಯದೊಂದುಂಟು, ಅದು ಮಾತು. ಸರಕು ಎಷ್ಟೇ ಒಳ್ಳೆಯದಾಗಿರಲಿ, ಅದು ಇಂತಹದು, ಇಲ್ಲಿ ದೊರೆಯುತ್ತದೆ, ಇಷ್ಟು ಬೆಲೆಗೆ ದೊರೆಯುತ್ತದೆ ಎಂದು ಯಾರಾದರೂ ಹೇಳದೆ ಕೊಳ್ಳುವವನಿಗೆ ಅದು ಗೋಚರವಾಗದು. ದೊಡ್ಡ ವರ್ತಕನಿಗೆ ಹಣವೇ ಮಾತಾಡುತ್ತದೆ. ಸಣ್ಣ ವ್ಯಾಪಾರಿಗಾದರೋ ಮಾತೇ ಮೂಲಧನ.

ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಐಹೊಳೆಯನ್ನು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಮಧ್ಯಯುಗದಲ್ಲಿ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿತು. ಅವರ ಶಾಸನಗಳಲ್ಲಿ ಬರುವ ಪ್ರಶಸ್ತಿಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಆನೆ, ಕುದುರೆ, ರತ್ನ, ಕರ್ಪೂರ, ಕಸ್ತೂರಿ, ಏಲಕ್ಕಿ, ಲವಂಗಗಳ ವ್ಯಾಪಾರಿಗಳು ತಮ್ಮ ಸರಕನ್ನು ಹೆಸರಿಸಿ ಸುಮ್ಮನಾಗಲಿಲ್ಲ; ತಾವು ಸತ್ಯ, ಶೌಚ, ಆಚಾರ, ವಿನಯಗಳುಳ್ಳವರೆಂದು ಕಲ್ಲಿನ ಮೇಲೆ ಬರೆಯಿಸಿದರು. ಅದರಲ್ಲಿ ಆತ್ಮಪ್ರಶಂಸೆ ಇಲ್ಲದಿಲ್ಲ. ಆದರೂ ಕೊಳ್ಳುವವನು ಮೊದಲು ನಂಬಬೇಕಾದುದು ಮಾರುವವನನ್ನು, ಆಮೇಲೆ ಸರಕನ್ನು ಎಂಬ ವಿವೇಕವೂ ಅದರಲ್ಲಿದೆ.

ಕನ್ನಡ ಪುಸ್ತಕವ್ಯಾಪಾರದ ಚರಿತ್ರೆಯಲ್ಲಿಯೂ ಇದೇ ವಿವೇಕವನ್ನು ಕಾಣಬಹುದು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಾವೇ ಬರೆದು ಪ್ರಕಟಿಸಿದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಸರ್ವವಿದಿತ. ಅವರು ಮಾರಿದುದು ಪುಸ್ತಕವನ್ನಷ್ಟೇ ಅಲ್ಲ. ಕನ್ನಡದಲ್ಲಿ ಓದುವ ರುಚಿಯನ್ನೇ ಮನೆಮನೆಗೆ ಮುಟ್ಟಿಸಿದರು. ಜಗಲಿಯ ಮೇಲೆ ಕುಳಿತು ಕಥೆಯ ಎಳೆಯೊಂದನ್ನು ಹೇಳಬಲ್ಲ ಲೇಖಕನ ಕೈಯಿಂದ ಪುಸ್ತಕ ಕೊಳ್ಳದಿರುವುದು ಕಷ್ಟವೇ ಸರಿ. ಮುಂದೆ 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರ ಪದ್ಧತಿಯನ್ನು ಆಶ್ರಯಿಸಿದರು. ಪುಸ್ತಕ ಅಚ್ಚಾಗುವ ಮೊದಲೇ ಅದನ್ನು ಓದುವವರು ಯಾರೆಂದು ಪ್ರಕಾಶಕನಿಗೆ ಗೊತ್ತಿರುವುದು ಆ ಪದ್ಧತಿಯ ಬಲ. ಒಬ್ಬರು ಓದುಗನ ಮನೆಯ ಬಾಗಿಲಿಗೆ ಹೋದರು. ಇನ್ನೊಬ್ಬರು ಓದುಗನ ಹೆಸರನ್ನು ತಮ್ಮ ಪಟ್ಟಿಯಲ್ಲಿ ಬರೆದಿಟ್ಟುಕೊಂಡರು. ಸಣ್ಣ ವ್ಯಾಪಾರದ ಪ್ರಚಾರವಿದ್ಯೆಯ ಸಾರವೆಲ್ಲ ಈ ಎರಡು ಕೆಲಸಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಇಂದು ಒಬ್ಬಿಬ್ಬರೇ ಸೇರಿ ನಡೆಸುವ ಕನ್ನಡ ಪ್ರಕಾಶನಗಳು ಎಷ್ಟೋ ಇವೆ. ಇವುಗಳ ಪಾಲಿಗೆ ಗಳಗನಾಥರ ಹೆಗಲ ಗಂಟು ಈಗ ಕೈಯೊಳಗಿನ ಫೋನಾಗಿದೆ. ಬ್ಲಾಗ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಇವೇ ಅವರ ಊರು, ಕೇರಿ, ಜಗಲಿ. ಮಗ್ಗದವನಿಗೂ ಹಪ್ಪಳ ಉಪ್ಪಿನಕಾಯಿ ಮಾರುವ ಗೃಹಿಣಿಗೂ ಈ ಮಾತು ಸಲ್ಲುತ್ತದೆ; ಆದರೆ ನಮಗೆ ಹತ್ತಿರವಾದ ಪುಸ್ತಕದ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಗಮನಿಸಬೇಕಾದುದು ಬ್ಲಾಗಿಗೂ ಸಾಮಾಜಿಕ ಜಾಲತಾಣಕ್ಕೂ ಇರುವ ಅಂತರ. ಇವೆರಡನ್ನೂ ಒಂದೇ ಎಂದು ಬಗೆದು ಕೈಸುಟ್ಟುಕೊಂಡವರು ಹಲವರು. ಬ್ಲಾಗು ಮನೆಯಿದ್ದಂತೆ, ಜಾಲತಾಣ ಜಾತ್ರೆಯಿದ್ದಂತೆ. ಜಾತ್ರೆಯಲ್ಲಿ ಜನಸಂದಣಿ ಹೆಚ್ಚು, ಕೂಗಿದರೆ ಹತ್ತಾರು ಮಂದಿ ತಿರುಗಿ ನೋಡುತ್ತಾರೆ. ಆದರೆ ಆ ಬಯಲು ನಮ್ಮದಲ್ಲ. ಅಂಗಡಿ ಎಲ್ಲಿ ಹಾಕಬೇಕು, ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ನಿರ್ಣಯಿಸುವವರು ಬೇರೆ. 2018ರ ಜನವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ವ್ಯಾಪಾರಿಗಳ ಪುಟಗಳಿಗಿಂತ ಬಂಧುಮಿತ್ರರ ಬರೆಹಗಳನ್ನೇ ಹೆಚ್ಚಾಗಿ ತೋರಿಸುವುದಾಗಿ ಪ್ರಕಟಿಸಿತು. ವರ್ಷಗಟ್ಟಲೆ ಶ್ರಮಿಸಿ ಅನುಯಾಯಿಗಳನ್ನು ಕೂಡಿಹಾಕಿದ್ದ ಸಣ್ಣ ವ್ಯಾಪಾರಿಗಳು, ತಮ್ಮ ಮಾತು ತಮ್ಮವರಿಗೇ ತಲುಪಬೇಕಾದರೂ ಹಣ ತೆರಬೇಕಾದ ಸ್ಥಿತಿಯನ್ನು ಎದುರಿಸಿದರು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕನ್ನು ನಮ್ಮ ದೇಶದಲ್ಲಿ ನಿಷೇಧಿಸಿತು. ನಿಷೇಧದ ಕಾರಣಗಳು ಏನೇ ಇರಲಿ, ಅದನ್ನೇ ನೆಚ್ಚಿದ್ದವರ ಶ್ರಮ ಒಂದೇ ರಾತ್ರಿಯಲ್ಲಿ ನೀರಿನಲ್ಲಿ ಹೋಮವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದುವು. ಜಾತ್ರೆಯಲ್ಲಿ ಅಂಗಡಿ ಹಾಕುವುದು ತಪ್ಪಲ್ಲ. ಮನೆಯನ್ನು ಮಾರಿ ಜಾತ್ರೆಯಲ್ಲಿಯೇ ಬಿಡಾರ ಹೂಡುವುದು ವಿವೇಕವಲ್ಲ.

ಬ್ಲಾಗೂ ಬೇರೊಬ್ಬರ ಯಂತ್ರದಲ್ಲಿಯೇ ಇರುವುದಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ವರ್ಷಕ್ಕೊಮ್ಮೆ ಅಲ್ಪ ಶುಲ್ಕ ತೆತ್ತು ಸ್ವಂತ ಹೆಸರಿನ ವಿಳಾಸವೊಂದನ್ನು ಪಡೆದು, ಬರೆದುದೆಲ್ಲದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡವನು, ಒಂದು ಯಂತ್ರ ಕೈಕೊಟ್ಟರೆ ಇನ್ನೊಂದಕ್ಕೆ ಹೋಗಬಲ್ಲನು. ಅವನ ವಿಳಾಸ ಬದಲಾಗದು. ಅಲ್ಲದೆ ಜಾಲತಾಣದಲ್ಲಿ ಹಾಕಿದ ಮಾತು ಎರಡು ದಿನಗಳಲ್ಲಿ ಕೆಳಗೆ ಸರಿದು ಮರೆಯಾಗುತ್ತದೆ. ಬ್ಲಾಗಿನ ಬರೆಹವಾದರೋ ಹುಡುಕುವವನಿಗೆ ಐದು ವರ್ಷಗಳ ಮೇಲೂ ದೊರೆಯುತ್ತದೆ. ಪುಸ್ತಕದಂತಹ ಸರಕಿಗೆ ಇದು ಬಹು ಮುಖ್ಯವಾದ ಗುಣ. ಏಕೆಂದರೆ ಪುಸ್ತಕವನ್ನು ಕೊಳ್ಳುವವನು ಅದು ಬಿಡುಗಡೆಯಾದ ವಾರದಲ್ಲಿಯೇ ಬರುತ್ತಾನೆಂಬ ನಿಯಮವೇನೂ ಇಲ್ಲ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ತೊಡಕೊಂದನ್ನು ಹೇಳಬೇಕು. ನಮ್ಮ ಹಲವು ಪುಸ್ತಕಗಳು ಇಂದಿಗೂ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಕ್ರಮದಲ್ಲಿ ಜೋಡಣೆಯಾಗುತ್ತವೆ. ಆ ಪಠ್ಯವನ್ನು ಹಾಗೆಯೇ ಜಾಲಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತದೆ. ಇದನ್ನು ತಪ್ಪಿಸಲೆಂದು ಪ್ರಕಾಶಕರು ಪುಸ್ತಕದ ಪರಿಚಯವನ್ನು ಚಿತ್ರವಾಗಿಸಿ ಹಾಕುತ್ತಾರೆ. ಚಿತ್ರ ಕಣ್ಣಿಗೆ ಚೆಂದವೇ. ಆದರೆ ಚಿತ್ರದೊಳಗಿನ ಅಕ್ಷರವನ್ನು ಹುಡುಕುಯಂತ್ರ ಸುಲಭವಾಗಿ ಗುರುತಿಸದು, ದೃಷ್ಟಿಹೀನ ಓದುಗರ ಯಂತ್ರವೂ ಓದಿ ಹೇಳದು. ಆದುದರಿಂದ ಪುಸ್ತಕದ ಹೆಸರು, ಲೇಖಕರ ಹೆಸರು, ವಿಷಯ, ಪುಟಸಂಖ್ಯೆ, ಬೆಲೆ, ಅಂಚೆವೆಚ್ಚ ಇವಿಷ್ಟನ್ನು ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯಬೇಕು. ಅರ್ಧ ಗಂಟೆಯ ಈ ಕೆಲಸ ಮಾಡದೆ ಎಷ್ಟೋ ಒಳ್ಳೆಯ ಪುಸ್ತಕಗಳು ಜಾಲದಲ್ಲಿದ್ದೂ ಇಲ್ಲದಂತಾಗಿವೆ.

ಇನ್ನು ನಡೆಸುವ ಕ್ರಮ. ಪ್ರತಿದಿನವೂ ಏನನ್ನಾದರೂ ಬರೆಯಲೇಬೇಕು, ಇಲ್ಲವಾದರೆ ಜನ ಮರೆಯುತ್ತಾರೆ ಎಂಬ ಭಯ ಸಣ್ಣ ವ್ಯಾಪಾರಿಗಳನ್ನು ಕಾಡುತ್ತದೆ. ಕರಡು ತಿದ್ದುವವನು, ಅಚ್ಚುಮನೆಗೆ ಅಲೆಯುವವನು, ಕಟ್ಟು ಕಟ್ಟಿ ಅಂಚೆಗೆ ಹಾಕುವವನು ಒಬ್ಬನೇ ಆಗಿರುವಲ್ಲಿ ದಿನದ ಬರೆಹ ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಹದಿನೈದು ದಿನಗಳಿಗೊಮ್ಮೆ ಬ್ಲಾಗಿನಲ್ಲಿ ಒಂದು ಒಳ್ಳೆಯ ಲೇಖನ ಬರಲಿ. ಒಂದು ಪುಸ್ತಕ ಹುಟ್ಟಿದ ಬಗೆ, ಅದರ ಒಂದು ಅಧ್ಯಾಯದ ಆಯ್ದ ಭಾಗ, ಅನುವಾದಕನಿಗೆ ಎದುರಾದ ಒಂದು ಪದದ ಕಷ್ಟ, ಮುಖಪುಟ ರೂಪುಗೊಂಡ ಕಥೆ, ಇವೆಲ್ಲ ವಿಷಯಗಳೇ. ಆ ಒಂದು ಲೇಖನದಿಂದಲೇ ನಾಲ್ಕಾರು ತುಣುಕುಗಳನ್ನು ಆಯ್ದು, ಒಂದನ್ನು ಫೇಸ್‌ಬುಕ್ಕಿಗೆ, ಒಂದನ್ನು ಚಿತ್ರದೊಡನೆ ಇನ್‌ಸ್ಟಾಗ್ರಾಮಿಗೆ ಹಂಚಬಹುದು. ಪ್ರತಿಯೊಂದರಲ್ಲಿಯೂ ಮನೆಯ ದಾರಿಯನ್ನು, ಎಂದರೆ ಬ್ಲಾಗಿನ ವಿಳಾಸವನ್ನು, ತೋರಿಸಬೇಕು. ಶಾಲೆ ತೆರೆಯುವ ಜೂನ್, ರಾಜ್ಯೋತ್ಸವದ ನವೆಂಬರ್, ಸಾಹಿತ್ಯ ಸಮ್ಮೇಳನದ ದಿನಗಳು, ಇವುಗಳಿಗೆ ಬೇಕಾದುದನ್ನು ಒಂದು ತಿಂಗಳು ಮೊದಲೇ ಬರೆದಿಟ್ಟುಕೊಂಡರೆ ಕೊನೆಯ ಗಳಿಗೆಯ ಧಾವಂತ ತಪ್ಪುತ್ತದೆ.

ಕೇಳಿದವರಿಗೆ ಉತ್ತರ ಹೇಳುವುದು ಬರೆಯುವುದಕ್ಕಿಂತಲೂ ದೊಡ್ಡ ಕೆಲಸ. ಅಂಗಡಿಯ ಮೆಟ್ಟಿಲು ಹತ್ತಿ ಬಂದವನು ‘ಬೆಲೆ ಎಷ್ಟು?’ ಎಂದು ಕೇಳಿದಾಗ ಮೌನವಾಗಿರುವ ಅಂಗಡಿಕಾರನುಂಟೆ? ಆದರೆ ಜಾಲದಲ್ಲಿ ಇದೇ ಪ್ರಶ್ನೆ ವಾರಗಟ್ಟಲೆ ಉತ್ತರವಿಲ್ಲದೆ ಬಿದ್ದಿರುವುದನ್ನು ನಾವು ನಿತ್ಯವೂ ಕಾಣುತ್ತೇವೆ. 2018ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿಯನ್ನು ಇಡಲು, ಪದೇ ಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರವನ್ನು ಬರೆದಿಡಲು ಅನುಕೂಲವಿದೆ. ದಿನಕ್ಕೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟು, ಉಳಿದ ಹೊತ್ತು ಫೋನನ್ನು ದೂರವಿಡುವುದು ವ್ಯಾಪಾರಕ್ಕೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಪುಸ್ತಕ ಕೊಂಡವರ ಹೆಸರು, ಅವರು ಕೊಂಡುದೇನು ಎಂಬುದನ್ನು ಅವರ ಒಪ್ಪಿಗೆಯಿಂದ ಒಂದು ವಹಿಯಲ್ಲಿ ಬರೆದಿಡಬೇಕು. ಗ್ರಂಥಮಾಲೆಯ ಚಂದಾದಾರರ ಪಟ್ಟಿಯ ಇಂದಿನ ರೂಪ ಅದೇ. ಯಾವ ಜಾಲತಾಣ ಮುಚ್ಚಿದರೂ ಆ ವಹಿ ಮುಚ್ಚುವುದಿಲ್ಲ.

ಫಲವನ್ನು ಅಳೆಯುವಲ್ಲಿಯೂ ಎಚ್ಚರ ಬೇಕು. ಒಂದು ಚಿತ್ರಕ್ಕೆ ಸಾವಿರ ಮೆಚ್ಚುಗೆಗಳು ಬಂದು, ಮೂರು ಪ್ರತಿಗಳು ಮಾತ್ರ ಮಾರಾಟವಾಗಬಹುದು. ಹತ್ತೇ ಮಂದಿ ಓದಿದ ಲೇಖನದಿಂದ ಏಳು ಪ್ರತಿಗಳು ಹೋಗಬಹುದು. ಮೆಚ್ಚುಗೆ ಸುಲಭ, ಅದಕ್ಕೆ ಬೆರಳ ತುದಿ ಸಾಕು. ತಿಂಗಳ ಕೊನೆಯಲ್ಲಿ ವಿಚಾರಿಸಿದವರು ಎಷ್ಟು, ಕೊಂಡವರು ಎಷ್ಟು, ಅವರಲ್ಲಿ ಎರಡನೆಯ ಸಲ ಬಂದವರು ಎಷ್ಟು ಎಂಬ ಮೂರು ಲೆಕ್ಕಗಳನ್ನು ಬರೆದರೆ ಸಾಕು. 500 ಪ್ರತಿ ಅಚ್ಚು ಹಾಕಿಸಿದ ಪ್ರಕಾಶಕನಿಗೆ ಲಕ್ಷ ಜನರ ನೋಟ ಬೇಕಿಲ್ಲ. 500 ಜನರ ನಂಬಿಕೆ ಬೇಕು. ಹಿಂದೆ ಮಾರುವವರು ಐನೂರ್ವರಾಗಿದ್ದರು. ಇಂದು ಕೊಳ್ಳುವ ಐನೂರ್ವರನ್ನು ಗಳಿಸಿಕೊಂಡವನು ಬದುಕುತ್ತಾನೆ.

ಈ ನಂಬಿಕೆಯನ್ನು ಗಳಿಸುವುದು ಭಾಷೆಯಿಂದ, ಕೆಡಿಸುವುದೂ ಭಾಷೆಯಿಂದಲೇ. ಒಂದು ಸೀಮೆಯ ಕೆರೆಗಳ ಚರಿತ್ರೆಯನ್ನು ಕುರಿತು ಪುಸ್ತಕವೊಂದು ಬಂದಿದೆಯೆಂದು ಭಾವಿಸೋಣ. ‘ಅದ್ಭುತ ಕೃತಿ! ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಪುಸ್ತಕ! ತ್ವರೆ ಮಾಡಿರಿ!’ ಎಂದು ಬರೆಯಬಹುದು. ಈ ಮಾತನ್ನು ಅಡುಗೆಯ ಪುಸ್ತಕಕ್ಕೂ ಹಚ್ಚಬಹುದು, ವ್ಯಾಕರಣದ ಪುಸ್ತಕಕ್ಕೂ ಹಚ್ಚಬಹುದು. ಎಲ್ಲಕ್ಕೂ ಸಲ್ಲುವ ಮಾತು ಯಾವುದಕ್ಕೂ ಸಲ್ಲದು. ಅದರ ಬದಲು, ‘ಕೆರೆಯ ಏರಿ, ತೂಬು, ಕೋಡಿಗಳನ್ನು ಕಟ್ಟುತ್ತಿದ್ದ ಬಗೆ ಮೊದಲ ಭಾಗದಲ್ಲಿದೆ. ಊರಿನ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಗಳ ಕೆಲಸವನ್ನು ಅವರ ಮನೆತನದವರ ಬಾಯಿಂದಲೇ ಕೇಳಿ ಬರೆದುದು ಎರಡನೆಯ ಭಾಗ. ನಕ್ಷೆಗಳು ಸಣ್ಣವು, ವಯಸ್ಸಾದವರಿಗೆ ಓದಲು ಸ್ವಲ್ಪ ಕಷ್ಟ’ ಎಂದು ಬರೆದರೆ, ಬೇಕಾದವನಿಗೆ ಅದು ತನಗೇ ಬೇಕಾದ ಪುಸ್ತಕವೆಂದು ತಿಳಿಯುತ್ತದೆ. ಕೊನೆಯ ಮಾತಿನಿಂದ ಒಂದೆರಡು ಪ್ರತಿ ಕಡಮೆ ಹೋಗಬಹುದೇನೋ. ಆದರೆ ಉಳಿದ ಮಾತುಗಳನ್ನು ನಂಬುವಂತೆ ಮಾಡುವುದೂ ಆ ಕೊನೆಯ ಮಾತೇ.

ಹೊಗಳಿಕೆಯನ್ನು ಕೊಂಡು ತರುವ ಚಾಳಿ ಇಂದು ಬೆಳೆದಿದೆ. ಹಣ ಪಡೆದು ಸರಕನ್ನು ಕೊಂಡಾಡುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ಮಾಡಿತು. ಗ್ರಾಹಕರ ಹೆಸರಿನಲ್ಲಿ ಪ್ರಕಟವಾಗುವ ಸುಳ್ಳು ವಿಮರ್ಶೆಗಳನ್ನು ತಡೆಯಲು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಪ್ರಕಟಿಸಿತು. ನಿಯಮಗಳು ಬೇಕು, ಒಪ್ಪೋಣ. ಆದರೆ ಸಣ್ಣ ವ್ಯಾಪಾರಿಗೆ ನಿಯಮಕ್ಕಿಂತ ಮೊದಲು ಸ್ವಹಿತವೇ ಇದನ್ನು ಕಲಿಸಬೇಕು. ದೊಡ್ಡ ಸಂಸ್ಥೆ ಒಬ್ಬ ಗ್ರಾಹಕನನ್ನು ಕಳೆದುಕೊಂಡರೆ ಲೆಕ್ಕಕ್ಕೆ ಸಿಗದು; ಐನೂರರಲ್ಲಿ ಐವತ್ತು ಮಂದಿ ಮುನಿದರೆ ಸಣ್ಣ ಪ್ರಕಾಶನದ ಮುಂದಿನ ಪುಸ್ತಕವೇ ಹೊರಬರಲಾರದು. ಹಾಗೆ ಹೊರಬಾರದೆ ಹೋದುದು ಯಾವುದೋ ಹೊಸ ಕವಿಯ ಮೊದಲ ಸಂಕಲನವಾಗಿರಬಹುದು. ಬೇರೆ ಯಾರೂ ಮುಟ್ಟದ ಶಾಸನಸಂಪುಟವಾಗಿರಬಹುದು. ಆದುದರಿಂದ ಈ ಅಂಗಡಿಯ ಮಾತು ಅಂಗಡಿಗೆ ಮಾತ್ರ ಸೇರಿದುದಲ್ಲ, ಸಾಹಿತ್ಯಕ್ಕೂ ಸೇರಿದುದು.

ಇಲ್ಲಿ ಕನ್ನಡ ಅಧ್ಯಾಪಕರೂ ವಿದ್ಯಾರ್ಥಿಗಳೂ ಯೋಚಿಸಬೇಕಾದ ವಿಷಯವೊಂದಿದೆ. ನಮ್ಮ ತರಗತಿಗಳಲ್ಲಿ ಪ್ರಬಂಧ ಬರೆಯಿಸುತ್ತೇವೆ, ಪತ್ರಲೇಖನ ಕಲಿಸುತ್ತೇವೆ. ಆದರೆ ಒಂದು ವಸ್ತುವನ್ನು ನೂರು ಪದಗಳಲ್ಲಿ, ಉತ್ಪ್ರೇಕ್ಷೆಯಿಲ್ಲದೆ, ನೋಡದವನ ಕಣ್ಣಿಗೆ ಕಟ್ಟುವಂತೆ ಬಣ್ಣಿಸುವುದನ್ನು ಕಲಿಸುವುದು ಅಪರೂಪ. ಅಲಂಕಾರಶಾಸ್ತ್ರ ಬಲ್ಲ ವಿದ್ಯಾರ್ಥಿಗೆ ಅತಿಶಯೋಕ್ತಿ ಯಾವುದು, ಸ್ವಭಾವೋಕ್ತಿ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ವಸ್ತುವನ್ನು ಅದಿರುವಂತೆಯೇ ಹೇಳಿ ಚೆಲುವನ್ನು ತೋರುವ ಸ್ವಭಾವೋಕ್ತಿಯೇ ಅಂಗಡಿಗೂ ಬೇಕಾದ ಅಲಂಕಾರ. ಕನ್ನಡ ಎಂ.ಎ. ಮಾಡಿದವರಿಗೆ ಕೆಲಸವೆಲ್ಲಿ ಎಂಬ ಪ್ರಶ್ನೆ ಹಳೆಯದು. ತಮ್ಮ ಊರಿನ ನೇಕಾರನ, ಮರಗೆಲಸದವನ, ಪುಸ್ತಕದಂಗಡಿಯವನ ಸರಕನ್ನು ತಿಳಿದು, ಅವರ ಮಾತನ್ನು ಒಳ್ಳೆಯ ಕನ್ನಡದಲ್ಲಿ ನಿಯಮವಾಗಿ ಬರೆದುಕೊಡಬಲ್ಲವರಿಗೆ ಅದೂ ಒಂದು ಕಾಯಕವಾಗಬಲ್ಲದು. ದುಡಿಮೆಗೆ ತಕ್ಕ ಸಂಬಳವನ್ನು ಕೇಳಲು ಅಲ್ಲಿ ಸಂಕೋಚ ಬೇಕಿಲ್ಲ. ಬರೆಯುವ ಮೊದಲು ಅವರು ಮಗ್ಗದ ಮುಂದೆ ಒಂದು ದಿನ ಕುಳಿತಿರಬೇಕು, ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿರಬೇಕು. ಅಷ್ಟು ಮಾಡಿದವರ ಕೈಯಿಂದ ಬಂದ ಮಾತಿಗೆ ಕೂಗಿ ಹೇಳುವ ಅಗತ್ಯ ಬೀಳುವುದಿಲ್ಲ.