ಜೂಡೊ: ಬೀಳುವುದನ್ನು ಮೊದಲು ಕಲಿಸುವ ಕಲೆ

ಠಾಣೆಯ ವರ್ತಕ ನಗರದಿಂದ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳವರೆಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಜಪಾನಿನ ಸಮರಕಲೆಯೆಂದರೆ ಮೊದಲು ನೆನಪಾಗುವುದು ಕರಾಟೆಯೇ ಆದರೂ, ಗರಡಿಮನೆಯ ಕುಸ್ತಿಯನ್ನು ಬಲ್ಲವರಿಗೆ ಹೆಚ್ಚು ಹತ್ತಿರವಾಗಬಲ್ಲದ್ದು ಜೂಡೊ. ಇದನ್ನು ರೂಪಿಸಿದ ಶಿಕ್ಷಣತಜ್ಞ ಜಿಗೊರೊ ಕಾನೊ (1860–1938) ಅವರು ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆಯ ಪಟ್ಟುಗಳನ್ನು ಶಾಸ್ತ್ರಬದ್ಧವಾಗಿ ಜೋಡಿಸಿ, ಅಪಾಯಕಾರಿಯಾದವನ್ನು ಮುಕ್ತ ಸೆಣಸಾಟದಿಂದ ಹೊರಗಿಟ್ಟು, 1882ರಲ್ಲಿ ಟೋಕಿಯೊದ ಏಶೋಜಿ ಬೌದ್ಧಮಂದಿರದಲ್ಲಿ 12 ಚಾಪೆಗಳಷ್ಟು ಜಾಗದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದರು.

ಅವರ ಬೋಧನೆ ಎರಡು ಸೂತ್ರಗಳ ಮೇಲೆ ನಿಂತಿದೆ: ದೇಹ ಮನಸ್ಸುಗಳ ಶಕ್ತಿಯನ್ನು ಪೋಲುಮಾಡದೆ ಬಳಸುವ ‘ಸೇರ್ಯೊಕು ಜೆನ್ಯೊ’ ಮತ್ತು ತನ್ನೊಡನೆ ಎದುರಾಳಿಯ ಏಳಿಗೆಯನ್ನೂ ಬಯಸುವ ‘ಜಿತಾ ಕ್ಯೊಯೇ’. ಹತ್ತು ಪಾಲು ಬಲದಿಂದ ತಳ್ಳುವವನಿಗೆ ಏಳು ಪಾಲು ಬಲದವನು ಎದೆಯೊಡ್ಡಿದರೆ ಸೋಲುತ್ತಾನೆ. ಅವನು ತಕ್ಕ ಹೊತ್ತಿಗೆ ಹಿಂದೆ ಸರಿದರೆ, ತಳ್ಳಿದವನು ಆಯತಪ್ಪುತ್ತಾನೆ ಎಂಬುದು ಕಾನೊ ಕೊಟ್ಟ ವಿವರಣೆ.

ಹೊಸ ವಿದ್ಯಾರ್ಥಿಗೆ ಮೊದಲು ದೊರೆಯುವುದು ‘ಉಕೆಮಿ’, ಅಂದರೆ ಪೆಟ್ಟಾಗದಂತೆ ಬೀಳುವ ಅಭ್ಯಾಸ. ಗದ್ದವನ್ನು ಎದೆಗೆ ಒತ್ತಿ ತಲೆಯ ಹಿಂಭಾಗ ನೆಲಕ್ಕೆ ತಾಗದಂತೆ ಕಾಯ್ದುಕೊಂಡು, ಬೆನ್ನು ಚಾಪೆಯನ್ನು ಮುಟ್ಟುವ ಕ್ಷಣಕ್ಕೇ ಅಂಗೈ ಮುಂಗೈಗಳಿಂದ ಚಾಪೆಯನ್ನು ಬಡಿದರೆ ಬೀಳುವಿಕೆಯ ರಭಸ ಹರಡಿಹೋಗುತ್ತದೆ. ಎಸೆಯುವವನಿಗೂ ಹೊಣೆಯುಂಟು, ಅವನು ಎದುರಾಳಿಯ ತೋಳನ್ನು ಬಿಡದೆ ಹಿಡಿದಿರುವುದರಿಂದಲೂ ಬೀಳುವವನ ತಲೆ ಉಳಿಯುತ್ತದೆ. ಎರಡನೆಯ ಸೂತ್ರ ಬರಿಯ ಉಪದೇಶವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅನಂತರ ಬರುವುವು, ನಿಗದಿತ ಕ್ರಮದ ಅಭ್ಯಾಸವಾದ ‘ಕಾತಾ’ ಮತ್ತು ಮುಕ್ತ ಸೆಣಸಾಟವಾದ ‘ರಾಂದೊರಿ’.

1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಜೂಡೊ ಶಿಕ್ಷಕ ಶಿಂಜೊ ತಕಗಾಕಿ ಅವರು ಶಾಂತಿನಿಕೇತನಕ್ಕೆ ಬಂದು ಈ ವಿದ್ಯೆಯನ್ನು ಕಲಿಸಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಸ್ಪರ್ಧೆಯಾಗಿ ಸೇರಿತು. ಕನ್ನಡನಾಡಿನಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು ಕುಸ್ತಿಯ ನೆಲವಾದ ಬೆಳಗಾವಿಯಲ್ಲಿ. ಅಲ್ಲಿನ ತುರಮುರಿ ಗ್ರಾಮದ ರೈತ ಕುಟುಂಬದ ಮಲಪ್ರಭಾ ಜಾಧವ್ ಅವರು ಜೂಡೊ ಕಲಿತು, ಅದಕ್ಕೆ ಹತ್ತಿರದ ಮಧ್ಯ ಏಷ್ಯಾದ ಕುರಾಶ್ ಕುಸ್ತಿಯಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 52 ಕಿಲೊ ವಿಭಾಗದ ಕಂಚನ್ನು ಗೆದ್ದರು. ಬಳ್ಳಾರಿ ಸೀಮೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿಯೂ ಜೂಡೊ ತರಬೇತಿ ನಡೆಯುತ್ತಿದೆ.

ಮಕ್ಕಳನ್ನು ಈ ಕಲೆಗೆ ಸೇರಿಸಬಯಸುವ ತಂದೆತಾಯಂದಿರು ಸೊಂಟಪಟ್ಟಿಯ ಬಣ್ಣವನ್ನೂ ಪದಕಗಳನ್ನೂ ಕೇಳುವ ಮೊದಲು, ಆ ತರಗತಿಯಲ್ಲಿ ಬೀಳುವುದನ್ನು ಎಷ್ಟು ಕಾಲ, ಎಷ್ಟು ತಾಳ್ಮೆಯಿಂದ ಕಲಿಸುತ್ತಾರೆಂದು ವಿಚಾರಿಸಬೇಕು.